ಎರಡು ಬಿಲ್ ಇದ್ರೆ ರೇಟ್ ಗೊತ್ತಾಗತ್ತೆ: ಏಕಕಾಲಿಕ ಸಮೀಕರಣ ಬಿಡಿಸೋದು ಹೇಗೆ

ಅಣ್ಣನ ಮಗಳು ಈ ಸಲ ಹತ್ತನೇ ಕ್ಲಾಸು. ಜುಲೈ ಮಳೆಗೆ ತೀರ್ಥಹಳ್ಳಿ ಕಡೆ ಸ್ಕೂಲಿಗೆ ರಜ ಕೊಟ್ಟಿದ್ರು, ಬೆಳಿಗ್ಗೆಯಿಂದ ಕರೆಂಟೂ ಇಲ್ಲ, ಅವಳು ಜಗಲಿ ಮೇಲೆ ಗಣಿತದ ಪುಸ್ತಕ ಬಿಡಿಸ್ಕೊಂಡು ಕೂತು ತೋಟದ ಕಡೆ ಸುಮ್ನೆ ನೋಡ್ತಾ ಇದ್ಲು. ಎಂತ ಆಯ್ತೇ ಅಂತ ಕೇಳಿದೆ. "ಅತ್ತೆ, ಎರಡು ಸಮೀಕರಣ ಕೊಟ್ಟು, ಮೊದಲನೇದನ್ನ ಮೂರರಿಂದ ಗುಣಿಸಿ, ಎರಡನೇದನ್ನ ಎರಡರಿಂದ ಗುಣಿಸಿ, ಆಮೇಲೆ ಕಳೀರಿ ಅಂತ ಇದೆ. ಮಾಡಿದ್ರೆ ಉತ್ತರ ಬರತ್ತೆ. ಆದ್ರೆ ಎಂತಕ್ಕೆ ಹಂಗೆ ಮಾಡ್ಬೇಕು?" ಅಂದ್ಲು.

ಈ ಪ್ರಶ್ನೆ ಕೇಳಿದಾಳಲ್ಲ ಅಂತ ನಂಗೆ ನಿಜವಾಗ್ಲೂ ಖುಷಿ ಆಯ್ತು. ಯಾಕಂದ್ರೆ ನಾನು ಹತ್ತನೇ ಕ್ಲಾಸಲ್ಲಿ ಇದನ್ನ ಕೇಳ್ಲೇ ಇಲ್ಲ, ಬಾಯಿಪಾಠ ಮಾಡಿ ಬರೆದು ಬಂದೆ, ಪಿಯುಸಿಗೆ ಹೋದ್ಮೇಲೆ ಮೂರು ಚರಾಕ್ಷರ (ಬೆಲೆ ಗೊತ್ತಿಲ್ಲದ ಎಕ್ಸ್, ವೈ ಥರದ ಅಕ್ಷರ) ಬಂದಾಗ ಕೈಕಾಲು ಆಡ್ಲಿಲ್ಲ. ಅವತ್ತು ಜಗಲಿ ಮೇಲೆ ಅವಳಿಗೆ ಹೇಳ್ಕೊಟ್ಟಿದ್ದನ್ನೇ ಇಲ್ಲಿ ಬರೀತಾ ಇದೀನಿ, ಮನೇಲಿ ಮಕ್ಕಳಿಗೆ ಹೇಳ್ಕೊಡೋರಿಗೂ ಆಗತ್ತೆ, ಪರೀಕ್ಷೆಗೆ ಓದ್ತಿರೋರಿಗೂ ಆಗತ್ತೆ. ಒಂದು ಪೆನ್ನು ಹಾಳೆ ಇಟ್ಕೊಂಡೇ ಓದಿ, ಬರೀ ಕಣ್ಣಲ್ಲಿ ಓದಿದ್ರೆ ಇದು ತಲೆಗೆ ಹೋಗಲ್ಲ.

ಹೋಟ್ಲು ಬಿಲ್ಲಿಂದ ಶುರು ಮಾಡೋಣ. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಒಂದು ಹೋಟ್ಲಿಗೆ ಹೋದ್ರಿ ಅಂದ್ಕೊಳ್ಳಿ, ಎರಡು ಪ್ಲೇಟ್ ನೀರ್ ದೋಸೆ, ಮೂರು ಕಾಫಿ, ಒಟ್ಟು 140 ರೂಪಾಯಿ. ದೋಸೆಗೆಷ್ಟು ಕಾಫಿಗೆಷ್ಟು ಅಂತ ಬಿಡಿಸಿ ಬರ್ದಿಲ್ಲ. ಹೇಳಕ್ಕಾಗತ್ತಾ? ಆಗಲ್ಲ. ದೋಸೆ 40 ಕಾಫಿ 20 ಇರ್ಬಹುದು, ದೋಸೆ 55 ಕಾಫಿ 10 ಇರ್ಬಹುದು, ದೋಸೆ 25 ಕಾಫಿ 30 ಇದ್ರೂ ಲೆಕ್ಕ ಸರಿಯಾಗೇ ಕೂರತ್ತೆ, ಹಿಂಗೆ ಬರೀತಾ ಹೋದ್ರೆ ಮುಗಿಯೋದೇ ಇಲ್ಲ. ಒಂದು ಸಮೀಕರಣ, ಗೊತ್ತಿಲ್ಲದ್ದು ಎರಡು, ಅಂದ್ರೆ ಉತ್ತರ ಲೆಕ್ಕವಿಲ್ಲದಷ್ಟು.

ಈಗ ಮಾರನೇ ದಿನ ಅದೇ ಹೋಟ್ಲಿಗೆ ಹೋಗಿ ಒಂದು ಪ್ಲೇಟ್ ದೋಸೆ, ಎರಡು ಕಾಫಿ ತಗೊಂಡ್ರಿ, 80 ರೂಪಾಯಿ ಆಯ್ತು. ರೇಟ್ ಬದಲಾಗಿಲ್ಲ. ಈಗ ಪೆನ್ನು ಮುಟ್ಟದೆ ಯೋಚ್ನೆ ಮಾಡಿ. ಎರಡನೇ ದಿನ ತಿಂದಿದ್ದನ್ನ ಎರಡರಷ್ಟು ತಿಂದಿದ್ರೆ ಎರಡು ದೋಸೆ ನಾಲ್ಕು ಕಾಫಿ, 160 ರೂಪಾಯಿ. ಮೊದಲನೇ ದಿನ ಎರಡು ದೋಸೆ ಮೂರು ಕಾಫಿ, 140. ದೋಸೆ ಎರಡೂ ಕಡೆ ಎರಡೇ, ಅದರಿಂದ ವ್ಯತ್ಯಾಸ ಬರೋ ಹಾಗಿಲ್ಲ. ಹೆಚ್ಚಾಗಿರೋ 20 ರೂಪಾಯಿ ಆ ಒಂದು ಹೆಚ್ಚಿನ ಕಾಫಿದು. ಕಾಫಿ 20, ಹಾಗಾದ್ರೆ ದೋಸೆ 40. ಮುಗೀತು!

ಇದನ್ನ ಹೇಳಿದ ತಕ್ಷಣ ಅವಳು "ಇದು ಅದೇ ಅಲ್ವಾ, ಗುಣಿಸಿ ಕಳೆಯೋದು?" ಅಂದ್ಲು. ಹೌದು ಅದೇ. ಪುಸ್ತಕದಲ್ಲಿ ವರ್ಜಿಸುವ ವಿಧಾನ ಅಂತ ದೊಡ್ಡ ಹೆಸರಿದೆ, ಕೆಲಸ ಇಷ್ಟೇ: ಎರಡು ಬಿಲ್ಲಲ್ಲಿ ಒಂದು ಸಾಮಾನನ್ನ ಸಮ ಮಾಡ್ಕೊಳ್ಳೋದು, ಆಮೇಲೆ ಒಂದರಿಂದ ಇನ್ನೊಂದನ್ನ ಕಳೆಯೋದು, ಸಮ ಇದ್ದದ್ದು ಮಾಯ ಆಗತ್ತೆ, ಉಳಿದಿದ್ದು ಒಂದೇ.

ಗುಣಿಸಬಹುದು ಅಂತ ಯಾರು ಹೇಳಿದ್ರು, ಕಳೀಬಹುದು ಅಂತ ಯಾರು ಹೇಳಿದ್ರು ಅಂದ್ರೆ, ಸಮೀಕರಣ ಅಂದ್ರೆ ತಕ್ಕಡಿ ಇದ್ದಂಗೆ. ಎರಡು ತಟ್ಟೆಯೂ ಸಮ ನಿಂತಿದೆ. ಎರಡೂ ಕಡೆದನ್ನ ಮೂರರಷ್ಟು ಮಾಡಿದ್ರೂ ಸಮವಾಗೇ ನಿಲ್ಲತ್ತೆ. ಎರಡೂ ಕಡೆಯಿಂದ ಸಮ ತೂಕ ತೆಗೆದ್ರೂ ಸಮವಾಗೇ ನಿಲ್ಲತ್ತೆ. ಎರಡನೇ ಬಿಲ್ಲಿನ ಎಡಭಾಗ ಮತ್ತು ಬಲಭಾಗ ಒಂದೇ ತೂಕ ಅಲ್ವಾ, ಹಂಗಾಗಿ ಮೊದಲನೇ ತಕ್ಕಡಿಯ ಎಡದಿಂದ ಇದರ ಎಡ, ಬಲದಿಂದ ಇದರ ಬಲ ತೆಗೀಬಹುದು. ಈ ಒಂದು ಮಾತು ಮನಸ್ಸಿಗೆ ಹೋದ್ರೆ ಮಿಕ್ಕಿದ ಎಲ್ಲಾ ವಿಧಾನವೂ ಇದ್ರಿಂದ್ಲೇ ಹುಟ್ಟತ್ತೆ.

ಬರೆಯೋ ರೀತಿ

ಪುಸ್ತಕದಲ್ಲಿ ಎಕ್ಸ್, ವೈ ಅಂತ ಇರತ್ತೆ, ಪರೀಕ್ಷೇಲೂ ಹಾಗೇ ಬರೀರಿ. ಕಲಿಯೋವಾಗ ಮಾತ್ರ ನಾನು ಸಾಮಾನಿನ ಮೊದಲ ಅಕ್ಷರ ಇಟ್ಕೊಳ್ತೀನಿ, ದೋಸೆಗೆ ದೋ, ಕಾಫಿಗೆ ಕಾ. ಇದು ನಾನು ಹೊಸದಾಗಿ ಮಾಡಿದ್ದೇನಲ್ಲ, ನಮ್ಮ ಹಳೇ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣದ ಹೆಸರು ಕೊಟ್ಟು ಕಾಲಕಕ್ಕೆ ಕಾ, ನೀಲಕಕ್ಕೆ ನೀ ಅಂತ ಮೊದಲ ಅಕ್ಷರ ಬರೀತಿದ್ರು.

ಒಂದು ಎಚ್ಚರ ಮಾತ್ರ ಬೇಕು. ದೋ ಅಂದ್ರೆ ದೋಸೆ ಅಲ್ಲ, ಒಂದು ಪ್ಲೇಟ್ ದೋಸೆಯ ಬೆಲೆ. ಅಕ್ಷರ ಯಾವತ್ತೂ ಒಂದು ಸಂಖ್ಯೆ. ಇಲ್ಲಿ ಎಡವಿದ್ರೆ ಮುಂದೆ ವಯಸ್ಸಿನ ಲೆಕ್ಕ, ದೋಣಿ ಲೆಕ್ಕ ಎಲ್ಲಾ ಗೊಂದಲ ಆಗತ್ತೆ. ಅದ್ಕೆ ಮೊದಲನೇ ಸಾಲಲ್ಲೇ "ಒಂದು ಪ್ಲೇಟ್ ದೋಸೆಯ ಬೆಲೆ ದೋ ರೂಪಾಯಿ ಆಗಿರಲಿ" ಅಂತ ಪೂರ್ತಿ ಬರೀರಿ.

2ದೋ + 3ಕಾ = 140 ... (1)
ದೋ + 2ಕಾ = 80 ... (2)

ಹೀಗೆ ಎರಡೂ ಒಟ್ಟಿಗೇ ನಿಜ ಆಗ್ಬೇಕಾದ ಸಮೀಕರಣಗಳಿಗೇ ಏಕಕಾಲಿಕ ಸಮೀಕರಣ ಅನ್ನೋದು. ಪಕ್ಕದಲ್ಲಿ ನಂಬರ್ ಹಾಕೋದು ಬಿಡ್ಬೇಡಿ. ಗುಣಿಸಿದ್ಮೇಲೆ ಬರೋ ಹೊಸದಕ್ಕೆ (3), (4) ಅಂತ ಕೊಡಿ. ನಂಬರ್ ಇಲ್ಲದೆ ಬರೆದ್ರೆ ಅರ್ಧ ದಾರಿಗೆ ಬಂದಾಗ ಯಾವುದರಿಂದ ಯಾವುದನ್ನ ಕಳೆದ್ವಿ ಅಂತ ನಿಮಗೇ ಗೊತ್ತಾಗಲ್ಲ, ಪೇಪರ್ ನೋಡೋರಿಗೂ ಗೊತ್ತಾಗಲ್ಲ.

ಆದೇಶ ವಿಧಾನ

ಯಾವುದಾದ್ರೂ ಒಂದು ಅಕ್ಷರದ ಮುಂದೆ ಸಂಖ್ಯೆ ಇಲ್ಲ ಅಂದ್ರೆ, ಅಂದ್ರೆ ಸಹಗುಣಕ 1 ಇದ್ರೆ, ಈ ದಾರಿ ಸಲೀಸು. ಇಲ್ಲಿ (2)ರಲ್ಲಿ ದೋ ಒಂದೇ ಇದೆ, ಅದನ್ನ ಒಂಟಿ ಮಾಡಿ:

ದೋ = 80 − 2ಕಾ

ಅಂದ್ರೆ ದೋಸೆ ಬೆಲೆ ಎಷ್ಟು ಅಂತ ಗೊತ್ತಿಲ್ಲದಿದ್ರೂ ಕಾಫಿ ಲೆಕ್ಕದಲ್ಲಿ ಹೇಳಕ್ಕೆ ಬಂತು. ಈಗ (1)ರಲ್ಲಿ ದೋ ಇರೋ ಜಾಗದಲ್ಲಿ ಇದನ್ನ ಕೂರಿಸಿ. ಕೂರಿಸೋವಾಗ ಬ್ರಾಕೆಟ್ ಹಾಕ್ಲೇಬೇಕು.

2(80 − 2ಕಾ) + 3ಕಾ = 140
160 − 4ಕಾ + 3ಕಾ = 140
160 − ಕಾ = 140
ಕಾ = 20

ವಾಪಸ್ ಹಾಕಿದ್ರೆ ದೋ = 80 − 40 = 40.

ಬ್ರಾಕೆಟ್ ಹಾಕದೇ ಇದ್ರೆ ಏನಾಗತ್ತೆ ಅಂದ್ರೆ, 2 × 80 − 2ಕಾ ಅಂತ ಬರೆದು 2 ಬರೀ 80ಕ್ಕೆ ಮಾತ್ರ ತಾಗತ್ತೆ, ಹಿಂದಿನ 2ಕಾ ಹಾಗೇ ಉಳ್ಕೊಳ್ಳತ್ತೆ, ಉತ್ತರ ಕಾ = −20 ಅಂತ ಬರತ್ತೆ. ಕಾಫಿಗೆ ಮೈನಸ್ ಇಪ್ಪತ್ತು ರೂಪಾಯಿ ಇರಕ್ಕೆ ಸಾಧ್ಯ ಇಲ್ವಲ್ಲ, ಅಲ್ಲೇ ನಿಂತು ಹಿಂದೆ ನೋಡ್ಬೇಕು.

ಇನ್ನೊಂದು ತಪ್ಪು ಇದೆ, ನಮ್ಮ ಹುಡುಗಿ ಅವತ್ತು ಇದನ್ನೇ ಮಾಡಿದ್ಲು, ತುಂಬಾ ಮಕ್ಕಳು ಮಾಡ್ತಾರೆ. (2)ರಿಂದ ದೋ ಒಂಟಿ ಮಾಡ್ಕೊಂಡು ಮತ್ತೆ (2)ಕ್ಕೇ ಹಾಕಿದ್ಲು. 80 − 2ಕಾ + 2ಕಾ = 80, ಕಾ ಎಲ್ಲಾ ಹೋಗಿ 80 = 80 ಉಳೀತು. "ಅತ್ತೆ, ಎಂಬತ್ತಕ್ಕೆ ಎಂಬತ್ತು ಸಮ ಅಂತ ಬಂತು, ಮುಂದೆ ಎಂತ ಮಾಡದು?" ಅಂತ ಕೇಳಿದ್ಲು. ಲೆಕ್ಕ ತಪ್ಪಿಲ್ಲ, ಆದ್ರೆ ಅದ್ರಿಂದ ಹೊಸ ಸುದ್ದಿ ಏನೂ ಸಿಗ್ಲಿಲ್ಲ. ಒಬ್ಬರು ಹೇಳಿದ ಮಾತನ್ನ ಅವರಿಗೇ ವಾಪಸ್ ಹೇಳಿದ್ರೆ ಹೌದು ಅಂತಾರೆ ಅಷ್ಟೇ. ಒಂದರಿಂದ ತೆಗೆದಿದ್ದನ್ನ ಯಾವಾಗ್ಲೂ ಇನ್ನೊಂದಕ್ಕೇ ಹಾಕ್ಬೇಕು.

ವರ್ಜಿಸುವ ವಿಧಾನ, ಅಡಿಕೆ ಪಟ್ಟಿ ಇಟ್ಕೊಂಡು

ಒಂಟಿ ಅಕ್ಷರ ಎಲ್ಲೂ ಇಲ್ಲ ಅಂದಾಗ ಆದೇಶ ವಿಧಾನ ಹಿಡಿದ್ರೆ ಭಿನ್ನರಾಶಿ ಬಂದು ತಲೆ ಕೆಡತ್ತೆ. ಆಗ ವರ್ಜಿಸೋದೇ ವಾಸಿ. ನಮ್ಮ ಕಡೆ ಉದಾಹರಣೆ ಅಂದ್ರೆ ಅಡಿಕೆನೇ.

ಒಂದೇ ದಿನ ನಾವೂ ಪಕ್ಕದ ಮನೆಯವರೂ ಶಿವಮೊಗ್ಗ ಮಂಡಿಗೆ ಅಡಿಕೆ ಹಾಕಿದ್ವಿ ಅಂದ್ಕೊಳ್ಳಿ. ರಾಶಿ, ಬೆಟ್ಟೆ ಅಂದ್ರೆ ಅಡಿಕೇಲಿ ಎರಡು ಬಗೆ. ನಮ್ಮದು ರಾಶಿ 3 ಕ್ವಿಂಟಾಲ್, ಬೆಟ್ಟೆ 2 ಕ್ವಿಂಟಾಲ್, ಒಟ್ಟು 2,60,000. ಅವರದ್ದು ರಾಶಿ 5, ಬೆಟ್ಟೆ 3, ಒಟ್ಟು 4,15,000. ಜೇಬಲ್ಲಿದ್ದ ಪಟ್ಟಿ ಮಳೆಗೆ ನೆಂದು ರೇಟಿನ ಕಾಲಂ ಅಳಿಸಿಹೋಗಿದೆ, ತೂಕ ಮತ್ತು ಒಟ್ಟು ಮಾತ್ರ ಕಾಣ್ತಿದೆ. ಎಲ್ಲರಿಗೂ ಒಂದೇ ರೇಟ್ ಸಿಕ್ಕಿದೆ, ಕಮಿಷನ್ನು ಹಮಾಲಿ ಎಲ್ಲಾ ಬದಿಗಿಟ್ಟಿದೀವಿ. (ಇದು ಲೆಕ್ಕಕ್ಕೆ ಇಟ್ಕೊಂಡ ರೇಟು, ಇವತ್ತಿನ ಮಾರ್ಕೆಟ್ ರೇಟಲ್ಲ.)

ದೊಡ್ಡ ದೊಡ್ಡ ಸೊನ್ನೆ ಎಳೀಬೇಡಿ, ಸಾವಿರದ ಲೆಕ್ಕದಲ್ಲಿ ಬರ್ಕೊಳ್ಳಿ, ಕೊನೇಲಿ ಸಾವಿರ ಸೇರಿಸಿದ್ರಾಯ್ತು.

3ರಾ + 2ಬೆ = 260 ... (1)
5ರಾ + 3ಬೆ = 415 ... (2)

ಯಾವುದನ್ನ ಹೊರಗೆ ಹಾಕೋದು? ಬೆಟ್ಟೆ ಮುಂದೆ 2 ಮತ್ತು 3 ಇದೆ, ಲಸಾಅ (ಎರಡರಿಂದಲೂ ಶೇಷ ಇಲ್ಲದೆ ಭಾಗ ಆಗೋ ಅತಿ ಸಣ್ಣ ಸಂಖ್ಯೆ) 6. ರಾಶಿ ಮುಂದೆ 3 ಮತ್ತು 5, ಲಸಾಅ 15. ಸಣ್ಣದು ಬೆಟ್ಟೆದು, ಅದನ್ನೇ ಹಿಡೀರಿ. (1)ನ್ನ 3ರಿಂದ, (2)ನ್ನ 2ರಿಂದ ಗುಣಿಸಿ. ಬಲಗಡೆಯ ಸಂಖ್ಯೆಯನ್ನೂ ಗುಣಿಸ್ಬೇಕು, ಅದನ್ನ ಮರೆತು ಕೆಡಿಸ್ಕೊಳ್ಳೋರು ಬಹಳ ಜನ.

9ರಾ + 6ಬೆ = 780 ... (3)
10ರಾ + 6ಬೆ = 830 ... (4)

(4)ರಿಂದ (3) ಕಳೆದ್ರೆ ರಾ = 50. ಅದನ್ನ (1)ಕ್ಕೆ ಹಾಕಿ: 150 + 2ಬೆ = 260, 2ಬೆ = 110, ಬೆ = 55. ರಾಶಿ ಕ್ವಿಂಟಾಲಿಗೆ 50,000, ಬೆಟ್ಟೆ 55,000.

ಕಳೆಯೋವಾಗ (3)ರಿಂದ (4)ನ್ನ ಕಳೆದ್ರೂ ತಪ್ಪಿಲ್ಲ, −ರಾ = −50 ಬರತ್ತೆ ಅಷ್ಟೇ. ದೊಡ್ಡದರಿಂದ ಸಣ್ಣದು ಕಳೆದ್ರೆ ಮೈನಸ್ ಕಾಟ ಕಮ್ಮಿ.

ಮೈನಸ್ ಬಗ್ಗೆ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರೆ ಈ ಪಾಠದಲ್ಲಿ ಮಾರ್ಕ್ಸ್ ಹೋಗೋದು ಬುದ್ಧಿ ಇಲ್ಲದೆ ಅಲ್ಲ, ಚಿಹ್ನೆ ತಪ್ಪಿ. ನಾನೇ ಪ್ರಿಪರೇಟರಿ ಪರೀಕ್ಷೇಲಿ ಒಂದು ಮೈನಸ್ ಬದಲಾಯಿಸೋದು ಬಿಟ್ಟು ಇಡೀ ಲೆಕ್ಕ ಕಳ್ಕೊಂಡಿದ್ದೆ, ಇವತ್ತಿಗೂ ಆ ಪುಟ ಕಣ್ಣ ಮುಂದೆ ಇದೆ. ಇದನ್ನ ನೋಡಿ:

4ಕ − 3ಮ = 5 ... (1)
2ಕ − 5ಮ = −1 ... (2)

(2)ನ್ನ 2ರಿಂದ ಗುಣಿಸಿದ್ರೆ 4ಕ − 10ಮ = −2. ಈಗ (1)ರಿಂದ ಇದನ್ನ ಕಳೀಬೇಕು. −3ಮ ದಿಂದ −10ಮ ಕಳೆದ್ರೆ −13ಮ ಅಂತ ಬರೆಯೋರು ಅರ್ಧ ಕ್ಲಾಸು. ಅಲ್ಲ, −3ಮ + 10ಮ = 7ಮ. ಬಲಗಡೆ 5 − (−2) = 7. ಹಾಗಾಗಿ 7ಮ = 7, ಮ = 1, ಕ = 2.

ನಾನು ಹೇಳ್ಕೊಡೋದು ಹೀಗೆ: ಕಳೆಯೋ ಬದಲು, ಕೆಳಗಿನ ಸಾಲನ್ನ ಪೂರ್ತಿ −1ರಿಂದ ಗುಣಿಸಿ ಮತ್ತೆ ಬರೀರಿ, −4ಕ + 10ಮ = 2 ಅಂತ. ಆಮೇಲೆ ಎರಡನ್ನೂ ಕೂಡಿ. ಒಂದು ಸಾಲು ಜಾಸ್ತಿ ಆಗತ್ತೆ ನಿಜ, ಆದ್ರೆ ಮೂರು ಚಿಹ್ನೆಯೂ ಕಣ್ಣೆದುರಿಗೇ ಬದಲಾಗಿರತ್ತೆ, ಮನಸ್ಸಲ್ಲಿ ಹಿಡ್ಕೊಳ್ಳೋದು ಏನೂ ಇರಲ್ಲ. ಕೈ ಕೂತ ಮೇಲೆ ಬೇಕಾದ್ರೆ ಆ ಸಾಲು ಬಿಡಬಹುದು.

ತಾಳೆ ನೋಡೋದು

ಉತ್ತರ ಬಂದ್ಮೇಲೆ ಎರಡೂ ಮೂಲ ಸಮೀಕರಣಕ್ಕೆ ಹಾಕಿ ನೋಡಿ. 3 × 50 + 2 × 55 = 260, ಸರಿ. 5 × 50 + 3 × 55 = 415, ಸರಿ. ಒಂದಕ್ಕೆ ಮಾತ್ರ ಹಾಕಿದ್ರೆ ಸಾಕಾಗಲ್ಲ, ಯಾಕಂದ್ರೆ ಎರಡನೇ ಅಕ್ಷರವನ್ನ ಆ ಒಂದರಿಂದಲೇ ತೆಗೆದಿರ್ತೀರಿ, ಮೊದಲನೇ ಅಕ್ಷರ ತಪ್ಪಿದ್ರೂ ಅಲ್ಲಿ ಸರಿಯಾಗೇ ಕೂರತ್ತೆ. (3), (4)ಕ್ಕೂ ಹಾಕಬೇಡಿ, ಗುಣಿಸೋದೇ ತಪ್ಪಾಗಿದ್ರೆ ಅವು ಹೇಳಲ್ಲ. ಮಾತಿನ ಲೆಕ್ಕ ಆದ್ರೆ ಇನ್ನೂ ಹಿಂದಕ್ಕೆ ಹೋಗಿ, ಪ್ರಶ್ನೆಯ ಮಾತಿಗೇ ಹಾಕಿ ನೋಡಿ, ಸಮೀಕರಣ ಬರೆಯೋದ್ರಲ್ಲೇ ತಪ್ಪಿದ್ರೆ ಅಲ್ಲಿ ಮಾತ್ರ ಗೊತ್ತಾಗತ್ತೆ. ಒಂದು ನಿಮಿಷದ ಕೆಲಸ, ದಯವಿಟ್ಟು ಬಿಡ್ಬೇಡಿ.

ನಕ್ಷೆ, ಮತ್ತೆ ಕೂಡ್ಲಿ

ನಕ್ಷಾ ವಿಧಾನ ಉತ್ತರಕ್ಕಿಂತ ಅರ್ಥ ಆಗೋದಕ್ಕೆ ಒಳ್ಳೇದು. ಹೋಟ್ಲು ಬಿಲ್ಲೇ ತಗೊಳ್ಳಿ. ಅಡ್ಡ ಅಕ್ಷದಲ್ಲಿ ಕಾಫಿ ಬೆಲೆ, ಉದ್ದ ಅಕ್ಷದಲ್ಲಿ ದೋಸೆ ಬೆಲೆ. ಮೊದಲನೇ ಬಿಲ್ಲಿಗೆ ಕಾಫಿ 0 ಆದ್ರೆ ದೋಸೆ 70, ಕಾಫಿ 20 ಆದ್ರೆ 40, ಕಾಫಿ 40 ಆದ್ರೆ 10. ಎರಡನೇ ಬಿಲ್ಲಿಗೆ ಕಾಫಿ 0 ಆದ್ರೆ ದೋಸೆ 80, ಕಾಫಿ 10 ಆದ್ರೆ 60, ಕಾಫಿ 40 ಆದ್ರೆ 0. ಚುಕ್ಕಿ ಇಟ್ಟು ಗೆರೆ ಎಳೀರಿ. ಗೆರೆ ಎಳೆಯಕ್ಕೆ ಎರಡು ಚುಕ್ಕಿ ಸಾಕು, ಆದ್ರೆ ಮೂರು ಇಡಿ, ಮೂರನೇದು ಗೆರೆ ಮೇಲೆ ಕೂರ್ಲಿಲ್ಲ ಅಂದ್ರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ತಕ್ಷಣ ಗೊತ್ತಾಗತ್ತೆ. ಪೆನ್ಸಿಲ್ ಮೊನೆ ಚೂಪಾಗಿರ್ಲಿ, ಸ್ಕೇಲ್ ಯಾವುದು ತಗೊಂಡಿದೀರಿ ಅಂತ ಮೂಲೇಲಿ ಬರೀರಿ.

ಒಂದೊಂದು ಗೆರೆ ಅಂದ್ರೆ ಆ ಒಂದು ಬಿಲ್ಲಿಗೆ ಸರಿಹೋಗೋ ಎಲ್ಲಾ ರೇಟುಗಳೂ. ಎರಡು ಗೆರೆ ಸೇರೋ ಜಾಗ, 20ಕ್ಕೆ 40, ಎರಡೂ ಬಿಲ್ಲಿಗೆ ಸರಿಹೋಗೋ ರೇಟು. ಕೂಡ್ಲೀಲಿ ತುಂಗೆ ಭದ್ರೆ ಸೇರೋ ಜಾಗ ನೋಡಿದೀರಲ್ಲ, ಅಲ್ಲಿ ನಿಂತ್ರೆ ನೀವು ತುಂಗೆ ದಡದಲ್ಲೂ ಇದೀರಿ, ಭದ್ರೆ ದಡದಲ್ಲೂ ಇದೀರಿ, ಹಾಗೆ.

ಆದ್ರೆ ನದಿಗೂ ಗೆರೆಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ನಂಗೆ ತುಂಬಾ ಇಷ್ಟ. ತುಂಗೆ ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ, ಬೇರೆ ಬೇರೆ ದಾರೀಲಿ ಹರಿದು ಮತ್ತೆ ಕೂಡ್ಲೀಲಿ ಸೇರ್ತಾವೆ. ಒಟ್ಟಿಗೆ ಇರೋ ಜಾಗ ಎರಡು. ನದಿ ಬಾಗತ್ತೆ ತಿರುಗತ್ತೆ, ಅದ್ಕೆ ಸಾಧ್ಯ. ನೇರ ಗೆರೆಗಳಿಗೆ ಇದು ಆಗಲ್ಲ. ಎರಡು ಚುಕ್ಕಿ ಮೇಲೆ ಹಾಯೋ ನೇರ ಗೆರೆ ಒಂದೇ, ಎರಡು ಗೆರೆ ಎರಡು ಕಡೆ ಸೇರಿದ್ರೆ ಅವು ಬೇರೆ ಬೇರೆ ಗೆರೆಗಳೇ ಅಲ್ಲ. ಅದ್ಕೇ ಈ ಲೆಕ್ಕಕ್ಕೆ ಉತ್ತರ ಸರಿಯಾಗಿ ಎರಡು ಅಂತ ಯಾವತ್ತೂ ಬರಲ್ಲ. ಒಂದೇ ಒಂದು ಇರತ್ತೆ, ಇಲ್ಲಾ ಒಂದೂ ಇರಲ್ಲ, ಇಲ್ಲಾ ಮುಗಿಯದಷ್ಟು ಇರತ್ತೆ.

ಒಂದೂ ಇಲ್ಲದ್ದು ಹೇಗಿರತ್ತೆ ಅಂದ್ರೆ, ನಿಮ್ಮ ಬಿಲ್ಲು ಒಂದು ದೋಸೆ ಎರಡು ಕಾಫಿ 80. ಪಕ್ಕದ ಟೇಬಲಿನವರದ್ದು ಎರಡು ದೋಸೆ ನಾಲ್ಕು ಕಾಫಿ 170. ಎರಡರಷ್ಟು ತಿಂದ್ರೆ 160 ಆಗ್ಬೇಕಿತ್ತು, 170 ಹೇಗೆ? ಒಂದೇ ರೇಟಲ್ಲಿ ಇವೆರಡೂ ನಿಜ ಆಗಕ್ಕೆ ಸಾಧ್ಯ ಇಲ್ಲ. ಲೆಕ್ಕ ಮಾಡಕ್ಕೆ ಹೋದ್ರೆ ಎರಡು ಅಕ್ಷರವೂ ಮಾಯ ಆಗಿ 0 = 10 ಅಂತ ನಿಲ್ಲತ್ತೆ. ನಕ್ಷೇಲಿ ಸಮಾಂತರ ರೇಖೆ. ಪುಸ್ತಕದಲ್ಲಿ ಇದಕ್ಕೆ ಅಸ್ಥಿರ ಜೋಡಿ ಅಂತಾರೆ.

ಅದೇ ಅವರ ಬಿಲ್ಲು 160 ಇದ್ರೆ? ತಪ್ಪಿಲ್ಲ, ಆದ್ರೆ ಹೊಸದೇನೂ ಇಲ್ಲ, ನಿಮ್ಮ ಬಿಲ್ಲನ್ನೇ ಎರಡು ಸಲ ಬರೆದಂಗೆ. 0 = 0 ಬರತ್ತೆ, ಗೆರೆ ಒಂದರ ಮೇಲೊಂದು ಕೂರತ್ತೆ, ಪರಿಹಾರ ಅಪರಿಮಿತ.

ಇದನ್ನ ಗೆರೆ ಎಳೀದೇ ಗುರುತಿಸಕ್ಕೆ ಅನುಪಾತ ನೋಡಿದ್ರೆ ಸಾಕು. ದೋಸೆಗೆ ದೋಸೆ 1/2, ಕಾಫಿಗೆ ಕಾಫಿ 2/4, ದುಡ್ಡಿಗೆ ದುಡ್ಡು 80/170. ಮೊದಲೆರಡು ಸಮ, ಮೂರನೇದು ಬೇರೆ: ಪರಿಹಾರ ಇಲ್ಲ. ಮೂರೂ ಸಮ: ಅಪರಿಮಿತ. ಮೊದಲೆರಡೇ ಬೇರೆ ಬೇರೆ ಅಂದ್ರೆ ಮೂರನೇದು ನೋಡೋದೇ ಬೇಡ, ಒಂದೇ ಪರಿಹಾರ ಖಂಡಿತ ಇದೆ.

ಓರೆ ಗುಣಾಕಾರದ ಸೂತ್ರ ಬಾಯಿಪಾಠ ಮಾಡಿಸಕ್ಕೆ ತುಂಬಾ ಜನ ಹಟ ಮಾಡ್ತಾರೆ. ವರ್ಜಿಸೋದು ಸಲೀಸಾಗೋ ತನಕ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಅದು ವರ್ಜಿಸಿ ಬಂದ ಉತ್ತರವನ್ನೇ ಒಂದು ಸಾಲಲ್ಲಿ ಬರೆದಿಟ್ಟಿದ್ದು. ಆ ಸೂತ್ರದಲ್ಲಿ ಉತ್ತರ ಭಿನ್ನರಾಶಿ ರೂಪದಲ್ಲಿ ಇರತ್ತೆ. ಅಡಿಕೆ ಲೆಕ್ಕದಲ್ಲಿ ಓರೆಯಾಗಿ ಗುಣಿಸಿ ಕಳೆದ್ರೆ ಅದರ ಕೆಳಗಿನ ಸಂಖ್ಯೆ 3 × 3 − 5 × 2 = −1. ರಾಶಿಗೆ ಮೇಲಿನದ್ದು 260 × 3 − 415 × 2 = −50. ಭಾಗಿಸಿದ್ರೆ 50. ಆ ಕೆಳಗಿನ ಸಂಖ್ಯೆ 0 ಬಂದ್ರೆ ಒಂದೇ ಉತ್ತರ ಸಿಗಲ್ಲ ಅಂತ ಅರ್ಥ, ಇಷ್ಟು ನೆನಪಿಟ್ಕೊಂಡ್ರೆ ಸದ್ಯಕ್ಕೆ ಸಾಕು.

ಮಹಾವೀರಾಚಾರ್ಯರ ಹಣ್ಣಿನ ಲೆಕ್ಕ

ಈ ಲೆಕ್ಕ ಹೊರಗಿಂದ ಬಂದಿದ್ದು ಅಂತ ಮಕ್ಕಳು ಅಂದ್ಕೊಳ್ತಾರೆ, ಅದ್ಕೆ ಇದನ್ನ ಹೇಳ್ಲೇಬೇಕು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ್ರು. ಅದರಲ್ಲಿ ಒಂದು ಪ್ರಶ್ನೆ ಇದೆ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದಕ್ಕೆ ಎಷ್ಟು?

ಸಾವಿರ ವರ್ಷಕ್ಕಿಂತ ಹಳೇ ಪ್ರಶ್ನೆ, ನಮ್ಮ ಹೋಟ್ಲು ಬಿಲ್ಲಿನಂಗೇ ಇದೆ ನೋಡಿ. ಅವರು ಕೊಟ್ಟ ನಿಯಮ ಹೀಗೆ ಸಾಗತ್ತೆ: ದೊಡ್ಡ ಮೊತ್ತ 107ನ್ನ ದೊಡ್ಡ ಸಂಖ್ಯೆ 9ರಿಂದ ಗುಣಿಸಿ, 963. ಸಣ್ಣ ಮೊತ್ತ 101ನ್ನ 7ರಿಂದ ಗುಣಿಸಿ, 707. ಕಳೆದ್ರೆ 256. ಇದನ್ನ 9ರ ವರ್ಗ ಕಳೆ 7ರ ವರ್ಗ, ಅಂದ್ರೆ 81 − 49 = 32ರಿಂದ ಭಾಗಿಸಿ. ಮಾದಲ 8. ಬೇಲ 5. ನೀವೇ (1)ನ್ನ 9ರಿಂದ, (2)ನ್ನ 7ರಿಂದ ಗುಣಿಸಿ ಬೇಲವನ್ನ ವರ್ಜಿಸಿ ನೋಡಿ, ಇದೇ 963, ಇದೇ 707 ಬರತ್ತೆ.

ಸಂಖ್ಯೆಗಳು ಹೀಗೆ ಅದಲು ಬದಲಾಗಿ ಬಂದಾಗ ಇನ್ನೂ ಸುಲಭದ ದಾರಿ ಇದೆ. ಎರಡನ್ನೂ ಕೂಡಿ: 16 ಮಾದಲ + 16 ಬೇಲ = 208, ಅಂದ್ರೆ ಒಂದು ಮಾದಲ ಒಂದು ಬೇಲ ಸೇರಿ 13. ಎರಡನ್ನೂ ಕಳೀರಿ: 2 ಮಾದಲ − 2 ಬೇಲ = 6, ಅಂದ್ರೆ ವ್ಯತ್ಯಾಸ 3. ಮೊತ್ತ 13, ವ್ಯತ್ಯಾಸ 3, ಉತ್ತರ 8 ಮತ್ತು 5. ಇದನ್ನ ತೋರಿಸಿದಾಗ ನಮ್ಮ ಹುಡುಗಿ ಪುಸ್ತಕ ಕಿತ್ಕೊಂಡು ತಾನೇ ಮತ್ತೊಂದು ಸಲ ಬರ್ಕೊಂಡ್ಲು.

ಮಾತಿನ ಲೆಕ್ಕ

ಬಿಡಿಸೋದು ಬಂದ್ರೂ ಸಮೀಕರಣ ಬರೆಯಕ್ಕೆ ಬರಲ್ಲ ಅಂತ ಅಳೋರೇ ಜಾಸ್ತಿ. ಪ್ರಶ್ನೇನ ಎರಡು ಸಲ ಓದಿ, ಕೊನೇ ಸಾಲಲ್ಲಿ ಕೇಳಿರೋದನ್ನೇ ಅಕ್ಷರ ಮಾಡ್ಕೊಳ್ಳಿ, ಆಮೇಲೆ ಒಂದೊಂದು ಷರತ್ತಿಗೆ ಒಂದೊಂದು ಸಮೀಕರಣ.

ಸುಲಭದ್ದು ಬಾಡಿಗೆ ಲೆಕ್ಕ. ಅಡಿಕೆ ಮೂಟೆ ಸಾಗಿಸಕ್ಕೆ ಪಿಕಪ್ ಗಾಡಿಯವರು ಒಂದು ಫಿಕ್ಸ್ ಚಾರ್ಜು, ಮೇಲೆ ಕಿಲೋಮೀಟರಿಗಿಷ್ಟು ಅಂತ ತಗೊಳ್ತಾರೆ. 20 ಕಿಮೀಗೆ 900, 35 ಕಿಮೀಗೆ 1275. ಫಿಕ್ಸ್ ಎರಡೂ ಕಡೆ ಒಂದೇ, ಕಳೆದ್ರೆ ಹೋಯ್ತು: 15 ಕಿಮೀಗೆ 375, ಕಿಲೋಮೀಟರಿಗೆ 25, ಫಿಕ್ಸ್ 400.

ವಯಸ್ಸಿನ ಲೆಕ್ಕದಲ್ಲಿ ಎಡವೋದು ಒಂದೇ ಕಡೆ, ಕಾಲ ಎಲ್ಲರಿಗೂ ಹೋಗತ್ತೆ ಅನ್ನೋದನ್ನ ಮರೀತಾರೆ. 5 ವರ್ಷದ ಹಿಂದೆ ಅಪ್ಪನ ವಯಸ್ಸು ಮಗಳ ವಯಸ್ಸಿನ 4 ಪಟ್ಟು, ಇನ್ನು 13 ವರ್ಷಕ್ಕೆ 2 ಪಟ್ಟು. ಈಗಿನ ವಯಸ್ಸು ಅ ಮತ್ತು ಮ. ಹಿಂದಕ್ಕೆ ಹೋದಾಗ ಇಬ್ಬರದ್ದೂ 5 ಕಮ್ಮಿ: ಅ − 5 = 4(ಮ − 5). ಮುಂದಕ್ಕೆ ಹೋದಾಗ ಇಬ್ಬರದ್ದೂ 13 ಜಾಸ್ತಿ: ಅ + 13 = 2(ಮ + 13). ಬ್ರಾಕೆಟ್ ಬಿಡಿಸಿದ್ರೆ ಅ − 4ಮ = −15, ಅ − 2ಮ = 13. ಎರಡನೇದರಿಂದ ಮೊದಲನೇದು ಕಳೀರಿ, 2ಮ = 28, ಮಗಳು 14, ಅಪ್ಪ 41. ಮಾತಿಗೆ ಹಾಕಿ ತಾಳೆ ನೋಡಿ: ಐದು ವರ್ಷದ ಹಿಂದೆ 36 ಮತ್ತು 9, ಹೌದು. ಹದಿಮೂರು ವರ್ಷ ಆದ್ಮೇಲೆ 54 ಮತ್ತು 27, ಹೌದು.

ದೋಣಿ ಲೆಕ್ಕ ಕೇಳಿದ್ರೆ ಹೆದರ್ಬೇಡಿ. ಮಳೆಗಾಲದ ತುಂಗೇಲಿ ನೀರಿನ ಜೊತೆ ಹೋದ್ರೆ ದೋಣಿ ವೇಗಕ್ಕೆ ನೀರಿನ ವೇಗ ಸೇರತ್ತೆ, ಎದುರು ಹೋದ್ರೆ ಕಳಿಯತ್ತೆ. ಜೊತೇಲಿ ಗಂಟೆಗೆ 12 ಕಿಮೀ, ಎದುರಲ್ಲಿ 6 ಕಿಮೀ ಅಂದ್ರೆ, ಕೂಡಿದ್ರೆ ದೋಣಿಯ ಎರಡರಷ್ಟು 18, ದೋಣಿ 9, ನೀರು 3.

ಎರಡಂಕಿ ಸಂಖ್ಯೆ ಕೊಟ್ರೆ ಹತ್ತರ ಸ್ಥಾನದ ಅಂಕಿಯನ್ನ 10ರಿಂದ ಗುಣಿಸಿ ಬಿಡಿ ಸ್ಥಾನದ್ದು ಕೂಡಿಸೋದನ್ನ ಮರೀಬೇಡಿ, ಬರೀ ಎರಡು ಅಕ್ಷರ ಪಕ್ಕ ಪಕ್ಕ ಬರೆದ್ರೆ ಅದು ಗುಣಾಕಾರ ಆಗತ್ತೆ.

ಭಿನ್ನರಾಶಿ ಇದ್ರೆ ಮೊದಲೇ ತೆಗೆದುಬಿಡಿ. ಅರ್ಧ ಕೆಜಿ ಕಾಳುಮೆಣಸು, ಕಾಲು ಕೆಜಿ ಏಲಕ್ಕಿ ಸೇರಿ 900. ಮುಕ್ಕಾಲು ಕೆಜಿ ಮೆಣಸು, ಅರ್ಧ ಕೆಜಿ ಏಲಕ್ಕಿ ಸೇರಿ 1650. ಎರಡು ಸಾಲನ್ನೂ 4ರಿಂದ ಗುಣಿಸಿದ್ರೆ 2ಮೆ + ಏ = 3600, 3ಮೆ + 2ಏ = 6600. ಏ ಒಂಟಿ ಇದೆ, ಏ = 3600 − 2ಮೆ ಅಂತ ಎರಡನೇದಕ್ಕೆ ಹಾಕಿ: 3ಮೆ + 7200 − 4ಮೆ = 6600, ಮೆ = 600, ಏ = 2400. ಇಲ್ಲೂ ರೇಟು ಲೆಕ್ಕಕ್ಕೆ ಮಾತ್ರ.

ಉತ್ತರ ಯಾವಾಗ್ಲೂ ಪೂರ್ಣಾಂಕನೇ ಬರ್ಬೇಕು ಅಂತ ಇಲ್ಲ, 7/3 ಬಂದ್ರೆ ಹೆದರಿ ಹೊಡೆದುಹಾಕ್ಬೇಡಿ, ತಾಳೆ ನೋಡಿ, ಸರಿ ಕೂತ್ರೆ ಅದೇ ಉತ್ತರ. ಮುಂದೆ ಪಿಯುಸೀಲಿ ಮೂರು ಅಕ್ಷರ ಬಂದ್ರೆ ಮೂರು ಸಮೀಕರಣ ಬೇಕು, ಒಂದು ಅಕ್ಷರವನ್ನ ವರ್ಜಿಸಿ ಎರಡು ಮಾಡ್ಕೊಂಡ್ರೆ ಮತ್ತೆ ಇದೇ ಜಾಗಕ್ಕೆ ಬರ್ತೀರಿ.

ಅವತ್ತು ಸಂಜೆ ಕರೆಂಟ್ ಬರೋ ಹೊತ್ತಿಗೆ ಅವಳಿಗೆ ಮೂರು ಲೆಕ್ಕ ಕೊಟ್ಟಿದ್ದೆ, ನೀವೂ ಮಾಡಿ ನೋಡಿ. ಒಂದು: 3ಕ + 4ಮ = 10, 2ಕ − 2ಮ = 2. ಎರಡು: ಕ + 3ಮ = 6, 2ಕ + 6ಮ = 15. ಮೂರು: ಎರಡು ಸಂಖ್ಯೆಗಳ ಮೊತ್ತ 37, ದೊಡ್ಡದು ಸಣ್ಣದರ ಎರಡರಷ್ಟಕ್ಕಿಂತ 4 ಜಾಸ್ತಿ. ಮೊದಲನೇದಕ್ಕೆ ಕ 2, ಮ 1. ಎರಡನೇದಕ್ಕೆ ಅವಳು ಬರೆಯೋಕ್ಕೆ ಮುಂಚೆನೇ ಅನುಪಾತ ನೋಡಿ "ಇದು ಸೇರಲ್ಲ ಅತ್ತೆ" ಅಂದ್ಲು. ಮೂರನೇದಕ್ಕೆ 26 ಮತ್ತು 11, ತಾಳೆ ನೋಡಿ ಪಕ್ಕದಲ್ಲಿ ಟಿಕ್ ಹಾಕಿದ್ಲು.